ಗುಬ್ಬಿಗೆ ಸಿಗದ ಸ್ವರ

ನಮ್ಮ ಚಿಕ್ಕಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದರೆ ಅಮ್ಮ ನನ್ನನ್ನು ದುರುಗುಟ್ಟಿ ನೋಡುತ್ತಾಳೆ. ಚಿಕ್ಕಮ್ಮನನ್ನೇ ಕೇಳಿದರೆ ಮುಚ್ಚುಮರೆ ಇಲ್ಲ. "ಇದೆ ಕಣೆ. ಇಲ್ಲ ಅಂದ್ರೆ ನೀನು ನಂಬ್ತೀಯಾ?" ಅನ್ನುತ್ತಾಳೆ.

ಅವಳದು ಹೋಟೆಲಿನಲ್ಲಿ ಎರಡು ಕೆಲಸ. ಮಧ್ಯಾಹ್ನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಮೇಜಿನ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು, ಸಂಜೆ ಅದೇ ಬಟ್ಟೆ ಹಾಸಿದ ಮೇಜುಗಳ ಎದುರು ನಿಂತು ಜಾಝ್ ಹಾಡುವುದು. ಎಲ್ಲರಿಗೂ ಬಾಯಿಪಾಠವಾದ ಹಳೇ ಹಾಡುಗಳು. ಅವನ್ನೇ ಎಳೆದು, ತಡೆದು, ಹೊಸದೆಂಬಂತೆ ಹಾಡಬೇಕು. ಚಿಕ್ಕಮ್ಮನ ಸ್ವರ ಎಂದೂ ತಪ್ಪಿದ್ದಿಲ್ಲ. ಮಂದ್ರದಲ್ಲಂತೂ ಬಾವಿಯ ತಳ ಮುಟ್ಟಿ ಬರುತ್ತಾಳೆ. ಉಣ್ಣುವವರು ಮಾತ್ರ ಚಮಚದ ಸದ್ದು ನಿಲ್ಲಿಸಿದ್ದು ನಾನು ಕಂಡಿಲ್ಲ.

ಮಹಡಿ ಮನೆಯ ಹುಡುಗಿಗೆ ಹಾಡು ಕಲಿಸಿದವಳೂ ಅವಳೇ. ಸಣ್ಣ ಕಂಠ, ಸಣ್ಣ ಮೈ, ಅದಕ್ಕೇ ಗುಬ್ಬಿ ಅಂತ ಹೆಸರಿಟ್ಟಿದ್ದಳು. ಆ ಗುಬ್ಬಿ ಯಾರದೋ ಮದುವೆಯಲ್ಲಿ ಹಾಡಿದ್ದನ್ನು ರೆಕಾರ್ಡಿಂಗ್ ಕಂಪನಿಯ ಯಜಮಾನರು ಕೇಳಿದರು. ಹಳೇ ಹಾಡುಗಳದೇ ಒಂದು ಆಲ್ಬಮ್ ಮಾಡೋಣ ಅಂದರು. ಗುಬ್ಬಿ ಮೊದಲು ಓಡಿ ಬಂದಿದ್ದು ನಮ್ಮ ಮನೆಗೆ. ಚಿಕ್ಕಮ್ಮ ಅವಳನ್ನು ತಬ್ಬಿಕೊಂಡಳು, ಸಕ್ಕರೆ ತಿನ್ನಿಸಿದಳು, ಬಾಗಿಲು ಹಾಕಿಕೊಂಡ ಮೇಲೆ ಪಾತ್ರೆಗಳನ್ನೆಲ್ಲ ಎತ್ತಿ ಕುಕ್ಕಿದಳು.

"ನನ್ನ ಗಂಟಲಿಗೇನು ಬರ ಬಂದಿತ್ತಾ? ಆ ಯಜಮಾನ ನಮ್ಮ ಹೋಟೆಲಲ್ಲೇ ಊಟ ಮಾಡ್ತಾನೆ. ಎದುರಿಗೇ ಕೂತ್ಕೊಂಡು."

ರೆಕಾರ್ಡಿಂಗಿನ ದಿನ ಹತ್ತಿರ ಬರುತ್ತಿದ್ದಂತೆ ಗುಬ್ಬಿಗೆ ನೆಗಡಿಯಾಗಿ ದನಿ ಕಟ್ಟಿತು. ವಾದ್ಯದವರು ಬೇರೆ ದೇಶಕ್ಕೆ ಹೊರಟು ನಿಂತಿದ್ದರು. ಇಂಥ ಹೊತ್ತಿನಲ್ಲಿ ಒಂದು ಉಪಾಯ ಇದೆ. ಬೇರೊಬ್ಬರು ಹಾಡಿ ದಾರಿ ತೋರಿಸುತ್ತಾರೆ, ಅದರ ಮೇಲೆ ವಾದ್ಯ ನುಡಿಸಿಟ್ಟುಕೊಳ್ಳುತ್ತಾರೆ. ಆಮೇಲೆ ಆ ದನಿ ಅಳಿಸಿ ಅಸಲು ಗಾಯಕಿಯದನ್ನು ಕೂರಿಸುತ್ತಾರೆ. ಇದಕ್ಕೆ ಟ್ರ್ಯಾಕ್ ಹಾಡುವುದು ಅನ್ನುತ್ತಾರೆ. ಗುಬ್ಬಿ ಪಿಸುದನಿಯಲ್ಲಿ ಫೋನ್ ಮಾಡಿ, "ಅಕ್ಕಾ, ನನ್ನ ಶ್ರುತಿ ನಿಮಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ, ನೀವೇ ಹಾಡಿ" ಎಂದು ಬೇಡಿಕೊಂಡಳು.

ಚಿಕ್ಕಮ್ಮ ಹೋದಳು. ಎಲ್ಲ ಹಾಡುಗಳನ್ನೂ ಗುಬ್ಬಿಯ ಶ್ರುತಿಯಲ್ಲೇ ಹಾಡಿದಳು, ಕೊನೆಯದೊಂದನ್ನು ಬಿಟ್ಟು. ಅದು ಚಿಕ್ಕಮ್ಮನಿಗೆ ಪ್ರಾಣ. ಅದನ್ನು ತನ್ನ ಶ್ರುತಿಗೇ ಇಳಿಸಿದಳು.

ಪಿಯಾನೊದವರು ಕೈ ನಿಲ್ಲಿಸಿ, "ಇಷ್ಟು ಕೆಳಗಾ? ಆ ಹುಡುಗಿಗೆ ಆಗುತ್ತಾ?" ಎಂದರಂತೆ.

"ಆಗುತ್ತೆ. ಕಲಿಸಿದವಳು ನಾನು" ಅಂದಳಂತೆ ಇವಳು.

ಮನೆಗೆ ಬಂದು ಇದನ್ನೆಲ್ಲ ಅವಳೇ ನನಗೆ ಹೇಳಿದಳು. ಲೆಕ್ಕಾಚಾರ ಸರಳ. ಗುಬ್ಬಿಗೆ ಆ ಮಂದ್ರ ಸಿಗುವುದಿಲ್ಲ. ವಾದ್ಯದವರು ಊರಲ್ಲಿರುವುದಿಲ್ಲ. ಯಜಮಾನರು ವಿಧಿಯಿಲ್ಲದೆ ಟ್ರ್ಯಾಕಿನ ದನಿಯನ್ನೇ ಉಳಿಸಿಕೊಳ್ಳುತ್ತಾರೆ.

"ಒಂದು ಹಾಡು ಕಣೆ. ಒಂದಾದ್ರೂ ನನ್ನದಾಗಿರಲಿ" ಅಂದಳು. ಮಾಡಿದ್ದು ಕೆಟ್ಟ ಕೆಲಸ, ನನಗೆ ಗೊತ್ತು. ಆದರೂ ಅವಳ ಕಡೆಗೇ ಇದ್ದೆ, ಸುಳ್ಳೇಕೆ ಹೇಳಲಿ.

ಗುಬ್ಬಿ ನೆಗಡಿ ವಾಸಿಯಾಗಿ ಹಾಡಲು ಹೋದ ದಿನ ಚಿಕ್ಕಮ್ಮನೂ ಜೊತೆಗೆ ಹೋದಳು. ನನ್ನನ್ನೂ ಎಳೆದುಕೊಂಡು ಹೋದಳು. ಕೊನೆಯ ಹಾಡು ಬಂತು. ಗುಬ್ಬಿ ಕೆಳಗಿಳಿದಳು, ಸ್ವರ ಸಿಗಲಿಲ್ಲ. ಮತ್ತೆ ಇಳಿದಳು, ಮತ್ತೆ ಇಲ್ಲ. ಶ್ರುತಿ ಏರಿಸಲು ಆಗುತ್ತಾ ಎಂದು ಯಜಮಾನರು ಕೇಳಿದರು. ಕಂಪ್ಯೂಟರಿನಲ್ಲಿ ಏರಿಸಿದರೆ ಪಿಯಾನೊ ಆಟದ ಸಾಮಾನಿನ ಹಾಗೆ ಕೇಳುತ್ತೆ ಎಂದು ಅಲ್ಲಿನ ಎಂಜಿನಿಯರ್ ತಲೆಯಾಡಿಸಿದ. ಚಿಕ್ಕಮ್ಮ ನನ್ನ ಮೊಣಕೈ ಅದುಮಿದಳು.

ಆಗ ಗುಬ್ಬಿ ಮೈಕಿಗೆ ತೀರಾ ಹತ್ತಿರ ಬಂದು, ಆ ಜಾಗದಲ್ಲಿ ಸ್ವರವನ್ನು ಹುಡುಕುವುದನ್ನೇ ಬಿಟ್ಟಳು. ಆ ಸಾಲಿನ ಮಾತನ್ನು ಬರೀ ಉಸಿರಲ್ಲಿ ಹೇಳಿ ಸುಮ್ಮನಾದಳು. ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳಿದ ಮಾತಿನಂತಿತ್ತು. ಎಂಜಿನಿಯರ್ ಗುಂಡಿ ಒತ್ತಲು ಮರೆತು ಕೂತ. ನನ್ನ ಮೊಣಕೈ ಮೇಲಿದ್ದ ಹಿಡಿತ ಸಡಿಲವಾಯಿತು.

ಆಲ್ಬಮ್ ಬಂತು, ಗೆದ್ದಿತು. ಎಲ್ಲರ ಬಾಯಲ್ಲೂ ಆ ಕೊನೆಯ ಹಾಡೇ. ಗುಬ್ಬಿ ಚಿಕ್ಕಮ್ಮನ ಕಾಲ ಬಳಿ ಕೂತು, "ಅಷ್ಟು ಕೆಳಗಿಳಿಸಿದ್ದು ಯಾಕೆ ಅಂತ ಆಮೇಲೆ ಗೊತ್ತಾಯ್ತು ಅಕ್ಕ. ನನ್ನೊಳಗೆ ಇದಿದೆ ಅಂತ ನಿಮಗೆ ಮಾತ್ರ ಗೊತ್ತಿತ್ತು" ಎಂದು ಅತ್ತಳು. ಚಿಕ್ಕಮ್ಮ ಅವಳ ಬೆನ್ನು ಸವರುತ್ತ, "ಹೂಂ" ಅಂದಳು. ಅದೊಂದು ಹೂಂ ಹೊರಡಿಸಲು ಅವಳಿಗಾದ ಸಂಕಟ ನೋಡುವ ಹಾಗಿರಲಿಲ್ಲ.

ಹೋಟೆಲಿನಲ್ಲಿ ಈಗ ಗಿರಾಕಿಗಳು ಆ ಹಾಡನ್ನೇ ಕೇಳುತ್ತಾರೆ. ಮೊನ್ನೆ ಒಬ್ಬರು, "ಆ ಹೊಸ ಹುಡುಗಿ ಹಾಡ್ತಾಳಲ್ಲ, ಹಾಗೆ ಹಾಡ್ತೀರಾ?" ಎಂದರಂತೆ.

ನಿನ್ನೆ ಬೆಳಗ್ಗೆ ಬಟ್ಟೆ ಒಣಹಾಕಿ ಒಳಗೆ ಬಂದೆ. ಚಿಕ್ಕಮ್ಮ ಮಂಚದ ತುದಿಯಲ್ಲಿ ಕೂತು ಆ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದಳು. ಉಸಿರು ಬಿಡುತ್ತಾಳೆ, ದನಿ ಸಡಿಲಿಸುತ್ತಾಳೆ, ಪ್ರತಿ ಸಲವೂ ಮಂದ್ರ ತುಂಬಿಕೊಂಡು, ಕೊಂಚವೂ ಅಲ್ಲಾಡದೆ ಬರುತ್ತದೆ.

"ಚೆನ್ನಾಗೇ ಇದೆಯಲ್ಲ ಚಿಕ್ಕಮ್ಮ" ಅಂದೆ.

"ಅದೇ ಕಣೆ ಹಾಳಾಗಿದ್ದು" ಅಂದಳು. "ಏನು ಮಾಡಿದ್ರೂ ನನಗೆ ಸಿಕ್ಕಿಬಿಡುತ್ತೆ."