ಮುಯ್ಯಾಳಿಗೆ ಯಾವ ವೀಸಾ?

ನಾನು ತಿಂದು ಮುಗಿಸಿದ್ದ ಮೂಲಂಗಿ ಸಂಬಳವೋ ಅಲ್ಲವೋ ಎಂದು ಮೂರು ಜನ ಮೇಜಿನ ಸುತ್ತ ಕೂತು ಗಂಭೀರವಾಗಿ ಮಾತಾಡಿದರು. ಜಪಾನಿನ ನಾಗಾನೊ ಸೀಮೆಯ ಒಂದು ಚಿಕ್ಕ ಊರು. ಹೊರಗೆ ಹಿಮ, ಒಳಗೆ ಹೀಟರು. ನನ್ನ ವೀಸಾ ಕಾಗದಪತ್ರ ನೋಡಿಕೊಳ್ಳುವ ನಕಮುರ ಎಂಬ ಹೆಂಗಸು ಪೆನ್ನು ಕೆಳಗಿಟ್ಟು, "ಭಾಗ್ಯ-ಸಾನ್, ಹೊಲದಲ್ಲಿ ಕೆಲಸ ಮಾಡಿದ್ದಕ್ಕೆ ನಿಮಗೆ ಏನಾದರೂ ಕೊಟ್ಟರಾ?" ಎಂದು ಕೇಳಿದ್ದರು. 'ಸಾನ್' ಎಂದರೆ ನಮ್ಮ 'ಅವರು' ಇದ್ದ ಹಾಗೆ. ಇಲ್ಲಿ ಗದರುವಾಗಲೂ ಅದನ್ನು ಬಿಡುವುದಿಲ್ಲ.

"ಮೂಲಂಗಿ ಕೊಟ್ಟರು," ಎಂದೆ.

"ಎಷ್ಟು?"

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಆ ಮೂಲಂಗಿಯ ದೆಸೆಯಿಂದ ನಾನು ಗಂಟುಮೂಟೆ ಕಟ್ಟಿಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಬೇಕಾಗಬಹುದು ಎಂದು ಆಮೇಲೆ ಗೊತ್ತಾಯಿತು.

ನನ್ನದು ಹಾರನಹಳ್ಳಿ ಹೋಬಳಿಯ ಒಂದು ಹಳ್ಳಿ. ಹೊಗೆಸೊಪ್ಪು ಬೆಳೆಯುವ ಮನೆ. ಮಗಳು ಆ ಅಂಟು, ಆ ಘಾಟು ಕಾಣಬಾರದು ಎಂದು ಅವ್ವ ಹಟ ಹಿಡಿದು ಮೈಸೂರಿನಲ್ಲಿ ನರ್ಸಿಂಗ್ ಓದಿಸಿದಳು. ಹುಣಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಲೇ ನಾನು ಜಪಾನಿ ಭಾಷೆ ಕಲಿತೆ, ಪರೀಕ್ಷೆ ಬರೆದೆ, ಕುಶಲ ಕೆಲಸಗಾರರ ವೀಸಾ ಪಡೆದು ಇಲ್ಲಿಗೆ ಬಂದೆ. ನನ್ನ ವಿಭಾಗ 'ಕೈಗೊ', ಅಂದರೆ ವಯಸ್ಸಾದವರ ಆರೈಕೆ. ನಾನು ಹೊರಡುವ ವಾರವೇ ನಮ್ಮ ಹೊಲದಲ್ಲಿ ಸಸಿ ನಾಟಿ ಇತ್ತು. ಪಕ್ಕದ ಮನೆಯ ಜಯಕ್ಕ ಬೆಳಗಿನಿಂದ ಸಂಜೆಯವರೆಗೆ ನನ್ನ ಪಕ್ಕದ ಸಾಲಿನಲ್ಲೇ ಬಗ್ಗಿ ನೆಟ್ಟಳು. ಅವಳ ನಾಟಿಗೆ ನಾನು ಹೋಗಬೇಕಿತ್ತು. ಅಷ್ಟರಲ್ಲಿ ವಿಮಾನ ಹತ್ತಿದ್ದೆ.

ಇಲ್ಲಿನ ಮೊದಲ ತಿಂಗಳುಗಳಲ್ಲಿ ನನ್ನನ್ನು ಕಂಗೆಡಿಸಿದ್ದು ಚಳಿಯಲ್ಲ, ಮೌನ. ನಮ್ಮೂರಿನಲ್ಲಿ ಬಾಗಿಲು ತಟ್ಟುವವನೇ ಅಪರಿಚಿತ, ಉಳಿದವರೆಲ್ಲ ಸೀದಾ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ಇವತ್ತೇನು ಸಾರು ಎಂದು ನೋಡುತ್ತಾರೆ. ಇಲ್ಲಿ ಎದುರುಮನೆಯವರು ತಲೆಬಾಗಿ ನಮಸ್ಕರಿಸಿ, ಸದ್ದಾಗದಂತೆ ಬಾಗಿಲು ಹಾಕಿಕೊಳ್ಳುತ್ತಾರೆ. ಯಾವ ದಿನ ಯಾವ ಕಸ ಇಡಬೇಕು ಎಂಬುದನ್ನು ಕಲಿಯುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ತಂದಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ತಿರುವಿ, 'ಮಿಸೊ' ಎಂಬ ಹುದುಗಿಸಿದ ಸೋಯಾಕಾಳಿನ ಸಾರಿನಲ್ಲಿ ಅದ್ದಿ ನುಂಗುತ್ತಿದ್ದೆ. ಬಸ್ಸಾರಿನ ಮುಂದೆ ಅದು ಏನೂ ಅಲ್ಲ, ಆದರೆ ಗಂಟಲಲ್ಲಿ ಇಳಿಯುತ್ತಿತ್ತು.

ಆರೈಕೆ ಕೆಲಸ ಕೆಟ್ಟದ್ದೇನಲ್ಲ. ಅಜ್ಜಿಯರು ನನ್ನ ಕೈ ಹಿಡಿದುಕೊಂಡು ಹಾಡುತ್ತಿದ್ದರು. ಆದರೆ ಹಾಡಿದವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು, ಮಾರನೆಯ ದಿನ ಅದೇ ಹಾಸಿಗೆಗೆ ಹೊಸ ಹೊದಿಕೆ. ಇದು ನನ್ನಿಂದ ಆಗುವುದಿಲ್ಲ ಎನ್ನುವುದನ್ನು ಯಾರಿಗೂ ಹೇಳಿರಲಿಲ್ಲ, ಅವ್ವನಿಗಂತೂ ಇಲ್ಲವೇ ಇಲ್ಲ.

ಹೀಗಿರುವಾಗ ಒಂದು ರಜಾದಿನ ನಮ್ಮ ಕಟ್ಟಡದ ಹಿಂದಿನ ಹೊಲದಲ್ಲಿ ಒಬ್ಬ ವಯಸ್ಸಾದ ಹೆಂಗಸು ಒಬ್ಬರೇ ಈರುಳ್ಳಿ ಸಸಿ ನೆಡುತ್ತಿದ್ದುದನ್ನು ಕಂಡೆ. ಬಾಲ್ಕನಿಯಲ್ಲಿ ನಿಂತು ನೋಡಲು ನನಗೆ ನಾಚಿಕೆಯಾಯಿತು. ನಮ್ಮ ಕಡೆ ಯಾರಾದರೂ ಒಂಟಿಯಾಗಿ ನಾಟಿ ಹಾಕುತ್ತಿದ್ದರೆ ನೋಡಿಯೂ ನೋಡದ ಹಾಗೆ ಹೋಗುತ್ತೇವೆಯೇ? ಕೆಳಗಿಳಿದು, ಪ್ಯಾಂಟು ಮಡಚಿ, ಪಕ್ಕದ ಸಾಲು ಹಿಡಿದೆ. ಆಕೆ ಕತ್ತೆತ್ತಿ ನೋಡಿದರು, ಬೇಡ ಎನ್ನಲಿಲ್ಲ. ಅವರೇ ಹರುಕೊ-ಸಾನ್. ಸಂಜೆ ನನ್ನ ಕೈಗೆ ಎರಡು ಮೂಲಂಗಿ ಇಟ್ಟರು. ಆಮೇಲೆ ಪ್ರತಿ ರಜೆಗೂ ಹೋದೆ. ಬೆರಳಿಗೆ ಮಣ್ಣು ಹತ್ತಿದ ಮೇಲೆ ನನಗೆ ನಿದ್ದೆ ಬರತೊಡಗಿತು. ನಿಜವಾಗಿ ಸಂತೋಷವಾಗಿದ್ದೆ.

ಹರುಕೊ ಅವರ ಮಗ ಪಕ್ಕದಲ್ಲೇ ದೊಡ್ಡ ಟೊಮೆಟೊ ಹಸಿರುಮನೆಗಳನ್ನು ನಡೆಸುತ್ತಾನೆ. ಅವನಿಗೆ ಆಳು ಬೇಕಿತ್ತು, ನನಗೆ ಮಣ್ಣು ಬೇಕಿತ್ತು. ಆದರೆ ವೀಸಾ ಎನ್ನುವುದು ಬಸ್ ಟಿಕೆಟ್ ಇದ್ದ ಹಾಗೆ. ಹುಣಸೂರಿಗೆ ತೆಗೆದ ಟಿಕೆಟ್ಟಿನಲ್ಲಿ ಕೆ.ಆರ್. ನಗರಕ್ಕೆ ಹೋಗುವ ಹಾಗಿಲ್ಲ. ಆರೈಕೆಯಿಂದ ಕೃಷಿಗೆ ಬದಲಾಗಬೇಕಾದರೆ ಕೃಷಿಯ ಪರೀಕ್ಷೆ ಪಾಸಾಗಬೇಕು, ಹೊಸ ಒಪ್ಪಂದ ಆಗಬೇಕು, ಸರ್ಕಾರ ಅನುಮತಿ ಕೊಡಬೇಕು. ಅಲ್ಲಿಯವರೆಗೆ ಹೊಸ ಕೆಲಸಕ್ಕೆ ಕೈ ಹಚ್ಚಬಾರದು. ಆರೈಕೆ ಮನೆಯ ಒಪ್ಪಂದ ವಸಂತದಲ್ಲಿ ಮುಗಿಯುವುದಿತ್ತು. ಅನುಮತಿ ಸಿಗದಿದ್ದರೆ ಊರೇ ಗತಿ.

ಅವ್ವನಿಗೆ ಫೋನು ಮಾಡಿದೆ. ಉಗಿದಳು.

"ಅಲ್ಲ ಕಣವ್ವಾ, ನಿನ್ನ ಓದ್ಸಿದ್ದು ಯಾಕೆ? ಮಣ್ಣು ಮೆಟ್‌ಬಾರ್ದು ಅಂತ ತಾನೆ? ಜಪಾನ್‌ಗೋಗಿ ಒಲ ಗೇಯ್ತೀನಿ ಅಂತೀಯಲ್ಲ, ಇಲ್ಲೇನು ಒಲ ಇರ್ನಿಲ್ವಾ?"

"ಅಲ್ಲಿ ನೀನು ಗೇಯೋಕೆ ಬುಟ್ಟಿದ್ರೆ ತಾನೆ ಅವ್ವ?" ಎಂದೆ.

ಅವ್ವ ಫೋನು ಇಟ್ಟುಬಿಟ್ಟಳು.

ಕೃಷಿ ಪರೀಕ್ಷೆ ಪಾಸಾದೆ. ಮೂರ್ಖತನ ಮಾಡಿದ್ದು ಆಮೇಲೆ. ಅರ್ಜಿ ತುಂಬುವಾಗ ನಕಮುರ ಅವರು, ಹೊಲದ ಕೆಲಸ ನಿಮಗೆ ಗೊತ್ತೇ ಎಂದರು. ನಾನು ಎದೆಯುಬ್ಬಿಸಿ, "ಹರುಕೊ ಅವರ ಹೊಲದಲ್ಲಿ ಪ್ರತಿ ರಜೆಗೂ ಮಾಡುತ್ತಿದ್ದೇನೆ," ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು. ಆರೈಕೆಯ ವೀಸಾದಲ್ಲಿದ್ದವಳು ಪ್ರತಿಫಲ ಪಡೆದು ಹೊಲದಲ್ಲಿ ದುಡಿದಿದ್ದರೆ ಅದು ನಿಯಮದ ಉಲ್ಲಂಘನೆ, ಅರ್ಜಿ ಬಿದ್ದೇಹೋಗಬಹುದು. ಹೀಗೆ ಹರುಕೊ ಅವರನ್ನೂ ಮಗನನ್ನೂ ಕರೆಸಲಾಯಿತು, ಮೂಲಂಗಿಯ ವಿಚಾರಣೆ ಶುರುವಾಯಿತು.

ನನಗೆ ಬರುವ ಜಪಾನಿಯಲ್ಲಿ ಮುಯ್ಯಾಳಿನ ಪದ್ಧತಿ ವಿವರಿಸಿದೆ. "ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಸಂಬಳ ಇಲ್ಲ. ಆಳಿಗೆ ಆಳೇ ಮುಯ್ಯಿ." ನಕಮುರ ಅವರು, "ಆದರೆ ನಿಮಗೆ ಇಲ್ಲಿ ಹೊಲ ಇಲ್ಲವಲ್ಲ?" ಎಂದರು. ಆಗ ಹರುಕೊ ಬಾಯಿ ತೆರೆದರು.

"ಅದು 'ಯುಯಿ'. ನಾನು ಮದುವೆಯಾಗಿ ಬಂದಾಗ ಈ ಊರೆಲ್ಲ ಹಾಗೇ ಭತ್ತ ನೆಡುತ್ತಿತ್ತು. ಯಂತ್ರ ಬಂದ ಮೇಲೆ ಯಾರೂ ಯಾರ ಗದ್ದೆಗೂ ಇಳಿಯಲಿಲ್ಲ. ಈ ಹುಡುಗಿ ಇಳಿದಳು. ಮೂಲಂಗಿ ಕೊಡದೆ ಬರಿಗೈಯಲ್ಲಿ ಕಳಿಸಿದ್ದರೆ ನನ್ನ ಅತ್ತೆ ಸಮಾಧಿಯಿಂದ ಎದ್ದು ಬೈಯುತ್ತಿದ್ದರು."

ನಕಮುರ ಅವರು ಕೊನೆಗೂ ನಕ್ಕರು. ಆದರೆ ನಿಯಮ ನಿಯಮವೇ. ನಡೆದದ್ದನ್ನೆಲ್ಲ ಮುಚ್ಚಿಡದೆ ಬರೆದುಕೊಡುವುದು, ತೀರ್ಮಾನ ಬರುವವರೆಗೆ ಹೊಲಕ್ಕೆ ಕಾಲಿಡದಿರುವುದು ಎಂದಾಯಿತು.

ಆ ಕಾಯುವಿಕೆ ನನ್ನನ್ನು ಹಣ್ಣು ಮಾಡಿತು. ಹಿಮ ಕರಗಿ ಈರುಳ್ಳಿ ಸಾಲಿನಲ್ಲಿ ಕಳೆ ಎದ್ದಿತು. ಹರುಕೊ ಒಬ್ಬರೇ ಕೂತು ಕೀಳುತ್ತಿದ್ದರು, ಮಧ್ಯೆ ಮಧ್ಯೆ ಮಂಡಿ ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದರು. ನಾನು ಬಾಲ್ಕನಿಯಲ್ಲಿ ಕೈಕಟ್ಟಿ ನಿಂತಿರುತ್ತಿದ್ದೆ. ಅವರು ಕೈ ಬೀಸಿದರೆ ನಾನೂ ಬೀಸುತ್ತಿದ್ದೆ. ಕಾನೂನು ಪಾಲಿಸುವುದು ಇಷ್ಟು ಹೊಟ್ಟೆ ಉರಿಸುತ್ತದೆ ಎಂದು ಗೊತ್ತಿರಲಿಲ್ಲ. ಎಷ್ಟೋ ಸಲ ಒಳಗೆ ಹೋಗಿ ಅತ್ತಿದ್ದೇನೆ.

ಒಪ್ಪಂದ ಮುಗಿಯಲು ಇನ್ನು ಕೆಲವೇ ದಿನ ಎನ್ನುವಾಗ ಅನುಮತಿ ಬಂತು. ನಕಮುರ ಅವರು ಫೋನಿನಲ್ಲೇ "ಅಭಿನಂದನೆಗಳು, ಇನ್ನು ಮೂಲಂಗಿ ತಿನ್ನಬಹುದು," ಎಂದರು. ಹೊಸ ಕಾರ್ಡು ಕೈಗೆ ಬಂದ ದಿನವೇ ಹೊಲಕ್ಕೆ ಓಡಿದೆ. ಹರುಕೊ ಕುಡುಗೋಲು ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

ಈಗ ನಾನು ಹಸಿರುಮನೆಯಲ್ಲಿ ಸಂಬಳಕ್ಕೆ ದುಡಿಯುತ್ತೇನೆ. ಇವರು ಟೊಮೆಟೊ ಗಿಡಕ್ಕೆ ದಾರ ಕಟ್ಟುವುದನ್ನು ನೋಡಿದರೆ ಮದುಮಗಳಿಗೆ ಜಡೆ ಹಾಕುವಂತಿದೆ. ಮೊನ್ನೆ ಊಟದ ಬಿಡುವಿನಲ್ಲಿ ಹರುಕೊ, "ಸಂಬಳ ಬೇರೆ, ಯುಯಿ ಬೇರೆ. ಹಳೆಯ ಯುಯಿ ಇನ್ನೂ ನನ್ನ ತಲೆಯ ಮೇಲಿದೆ. ನಿಮ್ಮೂರಿನಲ್ಲಿ ಕೂತು ಮಾಡುವ ಕೆಲಸ ಏನಿದೆ?" ಎಂದು ಕೇಳಿದರು. ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುವ ಕೆಲಸವಿದೆ ಎಂದೆ. "ಹಾಗಾದರೆ ಬರುತ್ತೇನೆ," ಎಂದರು. ತಮಾಷೆಗೆ ಹೇಳಿದ ಹಾಗೆ ಕಾಣಲಿಲ್ಲ.

ಆ ಸಂಜೆ ಅವ್ವನಿಗೆ ಇದನ್ನು ಹೇಳಿದೆ. ಅವಳ ಸಿಟ್ಟು ಎಂದೋ ಇಳಿದಿತ್ತು. "ಬರ್ಲಿ ಬುಡು, ಕಡ್ಡಿ ಕಟ್ಟೋಕೆ ಆಳೇ ಸಿಕ್ಕಲ್ಲ ಈಗ," ಎಂದು ನಕ್ಕಳು. ಆಮೇಲೆ ಏನೋ ನೆನಪಾದವಳಂತೆ ಹೇಳಿದಳು:

"ಜಯ ಸಿಕ್ಕಿದ್ಲು ಕಣವ್ವ. 'ನಿನ್ ಮಗ್ಳು ನಂಗೊಂದಾಳು ಕೊಡ್ಬೇಕು, ನಾನು ಮರ್ತಿಲ್ಲ ಅಂತ ಏಳು' ಅಂದ್ಲು. ನಾಳೀಕೆ ಅವ್ರ ನಾಟಿ. ನಿನ್ ಬದ್ಲು ನಾನೇ ಓಗಿ ತೀರ್ಸ್‌ಬುಡ್ತೀನಿ."

ಇಲ್ಲಿ ಒಬ್ಬರು ನನ್ನ ಮುಯ್ಯಿ ತೀರಿಸಲು ಕಾಯುತ್ತಿದ್ದಾರೆ, ಅಲ್ಲಿ ಒಬ್ಬಳು ನಾನು ತೀರಿಸಲಿ ಎಂದು ಕಾಯುತ್ತಿದ್ದಾಳೆ. ಎರಡು ವರ್ಷವಾದರೂ ಜಯಕ್ಕನ ಸಾಲಿನ ಪಕ್ಕದ ಸಾಲು ನನ್ನದಾಗಿಯೇ ಉಳಿದಿದೆ.

"ಬ್ಯಾಡ ಕಣವ್ವ," ಎಂದೆ. "ನೀನೋಗ್ಬೇಡ. ಅದ್ನ ಅಂಗೇ ಬುಡು. ನಾನೇ ಬಂದು ತೀರುಸ್ತೀನಿ."

ಅವ್ವ, "ಅಂಗಾರೆ ಬತ್ತೀಯ ಅನ್ನು," ಎಂದಳು.