ಅರ್ಜಿಗೆ ಬೇಕಾದ ಎರಡು ಪದ

ಇಂಗ್ಲಿಷಿನಲ್ಲಿ ಏನನ್ನಾದರೂ ಕೇಳಿ ಬರೆಯುವಾಗ ಒಂದು ವಿಶೇಷಣ ಸಾಲದು, ಎರಡು ಬೇಕು ಎಂದು ನನಗೆ ಕಲಿಸಿದವರು ನಮ್ಮ ಮೇಲಿನ ಮನೆಯ ಮಾಮಾ. ಚೆಂಬೂರಿನ ಆ ಹಳೆಯ ಬಿಲ್ಡಿಂಗಿನಲ್ಲಿ ನಾನು, ಗಂಡ, ಮಗಳು, ಅತ್ತೆ ಇದ್ದದ್ದು ಎರಡನೆಯ ಮಾಳಿಗೆಯಲ್ಲಿ, ಅವರದು ಮೂರನೆಯದು. ಅವರು ತಮಿಳರು. ಸ್ಟೆನೋ ಆಗಿದ್ದವರು. ನಡುವೆ ಕೆಲವು ವರ್ಷ ಬೆಂಗಳೂರಿನಲ್ಲೂ ಇದ್ದುದರಿಂದ ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು.

ನಾನು ಕುರಿಯರ್ ಆಫೀಸಿಗೆ ಸೇರಿದ ಹೊಸತು. ಕಾರ್ಕಳದ ಕಡೆಯ ಕನ್ನಡ ಶಾಲೆಯಲ್ಲಿ ಓದಿದ ನನಗೆ ರಜೆ ಕೇಳುವ ಈಮೇಲ್ ಬರೆಯುವುದೆಂದರೆ ಕೈ ಬೆವರುತ್ತಿತ್ತು. ‘ನನಗೆ ರಜೆ ಬೇಕು’ ಎಂದು ಬರೆದದ್ದನ್ನು ಮಾಮಾ ನೋಡಿ ತಲೆಯಾಡಿಸಿದರು. ಬೇಕು ಅಂತ ಸೀದಾ ಬರೆದರೆ ಜಗಳಕ್ಕೆ ನಿಂತ ಹಾಗಿರುತ್ತದೆ, ಬೇಕಾದದ್ದರ ಮುಂದೆ ಎರಡು ಪದ ಜೊತೆಯಾಗಿ ನಿಲ್ಲಿಸಬೇಕು ಎಂದರು. ಹಾಗೆ ನನ್ನ ರಜೆಗೆ ‘ಕೈಂಡ್ ಆ್ಯಂಡ್ ಸಿಂಪಥೆಟಿಕ್’ ಪರಿಗಣನೆ ಸಿಕ್ಕಿತು, ಮಗಳ ಶಾಲೆಯ ಅರ್ಜಿಗೆ ‘ಸಿನ್ಸಿಯರ್ ಆ್ಯಂಡ್ ಹಂಬಲ್’ ಕೋರಿಕೆ ಬಂತು. ನಮ್ಮಲ್ಲೂ ಮನೆಮಠ, ನೆಂಟರಿಷ್ಟರು ಅಂತ ಜೋಡಿಸಿ ಹೇಳುತ್ತೇವಲ್ಲ, ಅದೇ ರೀತಿ ಇರಬೇಕು ಎಂದುಕೊಂಡೆ. ಬರಬರುತ್ತಾ ಯಾವ ಪದಕ್ಕೆ ಯಾವುದು ಜೋಡಿ ಎಂಬುದು ನನಗೂ ರೂಢಿಯಾಯಿತು.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅಡುಗೆಮನೆಯ ಮೇಲ್ಛಾವಣಿಯಲ್ಲಿ ಬಿರುಕು ಕಾಣಿಸಿತು. ಅದರ ಮೇಲೆ ಸರಿಯಾಗಿ ಮಾಮಾ ಅವರ ಬಚ್ಚಲು. ಮೊದಲು ಕೂದಲೆಳೆಯಷ್ಟಿತ್ತು. ಆಮೇಲೆ ನೆನೆಹಾಕಿದ ಅಕ್ಕಿಯ ಮೇಲೆ ಸುಣ್ಣದ ಪುಡಿ ತೇಲತೊಡಗಿತು. ಅತ್ತೆ ಅದನ್ನು ಬಸಿದು ಮತ್ತೆ ತೊಳೆಯುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ನನಗೆ ಮಾತ್ರ ಮೇಲೆ ಕುರ್ಚಿ ಎಳೆದ ಸದ್ದಾದರೆ ಸಾಕು, ಕೈಯಲ್ಲಿದ್ದದ್ದು ಅಲ್ಲೇ ನಿಲ್ಲುತ್ತಿತ್ತು. ಮಾಮಾ ಬಕೆಟ್ ಕೆಳಗಿಟ್ಟರೆ ನನ್ನ ಕಣ್ಣು ಬಿರುಕಿನತ್ತ ಹೋಗುತ್ತಿತ್ತು. ಟಿವಿಯಲ್ಲಿ ಪ್ರತಿ ವರ್ಷ ಎಲ್ಲೋ ಒಂದು ಬಿಲ್ಡಿಂಗ್ ಕುಸಿದದ್ದನ್ನು ತೋರಿಸುತ್ತಾರೆ. ಕುಸಿದ ಮೇಲೆ ಉಳಿದ ಗೋಡೆಯಲ್ಲಿ ಕ್ಯಾಲೆಂಡರ್ ನೇತಾಡುತ್ತಿರುತ್ತದೆ. ಆ ಸುದ್ದಿ ಬಂದಾಗ ನಾನು ಚಾನೆಲ್ ಬದಲಾಯಿಸುತ್ತಿದ್ದೆ. ಲೋಕಲ್ ರೈಲಿನಲ್ಲಿ ಮನೆಗೆ ವಾಪಸಾಗುವಾಗ, ಇಳಿದು ತಿರುವು ದಾಟುವವರೆಗೂ ಬಿಲ್ಡಿಂಗ್ ನಿಂತಿದೆಯೋ ಇಲ್ಲವೋ ಎಂಬ ಹೆದರಿಕೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾದೀತು ಅನಿಸುತ್ತಿತ್ತು.

ಬಿಲ್ಡಿಂಗಿನ ಮಾಲೀಕರು ಫೋನು ಎತ್ತುತ್ತಿರಲಿಲ್ಲ. ನಾವೆಲ್ಲ ಹಳೆಯ ಬಾಡಿಗೆದಾರರು. ಅಂಥವರು ಒಮ್ಮೆ ಮನೆ ಖಾಲಿ ಮಾಡಿದರೆ ಹಕ್ಕು ಕಾಗದದಲ್ಲಿ ಉಳಿಯುತ್ತದೆಯೇ ಹೊರತು ಮನೆ ಯಾವಾಗ ಸಿಗುತ್ತದೆಂದು ಹೇಳುವವರಿಲ್ಲ. ಕೊನೆಗೆ ಮಹಾನಗರಪಾಲಿಕೆಯ ವಾರ್ಡ್ ಆಫೀಸಿಗೆ ಅರ್ಜಿ ಕೊಡುವುದೆಂದು ಎಲ್ಲರೂ ಮಾಮಾ ಮನೆಯಲ್ಲಿ ಸೇರಿದೆವು. ಬರೆಯುವವರು ಮಾಮಾ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ನಾನು ‘ಅರ್ಜೆಂಟ್ ಆ್ಯಂಡ್ ಇಮ್ಮೀಡಿಯೆಟ್’ ತಪಾಸಣೆ ಬೇಕು ಎಂದು ಬರೆಯೋಣ ಎಂದೆ. ಮಾಮಾ ಪೆನ್ನು ಕೆಳಗಿಟ್ಟರು.

“ನೋಡಮ್ಮ, ಆ ಎರಡು ಪದ ಬರೆದ್ರೆ ಇಂಜಿನಿಯರ್ ಬಂದೇ ಬರ್ತಾನೆ. ಬಂದವನು ತನ್ನ ಎರಡು ಪದ ಬರೀತಾನೆ, ಡೇಂಜರಸ್ ಆ್ಯಂಡ್ ಅನ್‌ಸೇಫ್ ಅಂತ. ಆಮೇಲೆ ನೀರು ಕಟ್, ಕರೆಂಟ್ ಕಟ್. ಈ ವಯಸ್ಸಲ್ಲಿ ನಾನು ಎಲ್ಲಿಗೆ ಹೋಗ್ಲಿ?”

ನನ್ನ ಗಂಡ ಮಲಾಡ್‌ನ ಹೋಟೆಲೊಂದರಲ್ಲಿ ಮ್ಯಾನೇಜರ್. ಸಾಮಾನ್ಯವಾಗಿ ಇಂಥ ಕಡೆ ಮೊದಲು ಬಾಯಿ ಬಿಡುವವರು. ಅವರೂ ನೆಲ ನೋಡುತ್ತಾ ಕೂತರು. ಆಗ ನನಗೆ ಹೊಳೆಯಿತು: ಆ ಕೋಣೆಯಲ್ಲಿದ್ದ ಎಲ್ಲರಿಗೂ ಛಾವಣಿಯ ಭಯವಿತ್ತು, ಆದರೆ ಛಾವಣಿಯೇ ಇಲ್ಲದಂತಾಗುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ನನಗೂ ಹಾಗೆಯೇ. ಅದಕ್ಕೇ ನಾನು ಹಟ ಮಾಡಲಿಲ್ಲ. ಕೊನೆಗೆ ‘ನೆಸೆಸರಿ ಆ್ಯಂಡ್ ಸೂಟಬಲ್’ ಕ್ರಮ ಕೈಗೊಳ್ಳಬೇಕೆಂದು ಕೇಳಿಕೊಂಡೆವು. ಅಗತ್ಯವಾದ, ತಕ್ಕುದಾದ ಕ್ರಮ. ಅದರಲ್ಲಿ ಬಿರುಕೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಎಲ್ಲರೂ ಸಹಿ ಹಾಕಿದೆವು. ವಾರ್ಡ್ ಆಫೀಸಿನವರು ಠಸ್ಸೆ ಒತ್ತಿ ಪ್ರತಿ ಕೊಟ್ಟರು. ಯಾರೂ ಬರಲಿಲ್ಲ.

ಬಾರದೇ ಇದ್ದದ್ದಕ್ಕೆ ನನಗೆ ಒಂದು ಕಡೆ ಸಮಾಧಾನವೇ ಆಗಿತ್ತು. ಬಿರುಕಿನ ಕೆಳಗಿದ್ದ ಗ್ಯಾಸ್ ಒಲೆಯನ್ನು ಇನ್ನೊಂದು ಮೂಲೆಗೆ ಸರಿಸಿದೆ. ಮಗಳಿಗೆ ಅಡುಗೆಮನೆಯಲ್ಲಿ ಕೂತು ಊಟ ಮಾಡಬೇಡವೆಂದೆ. ಯಾಕೆಂದು ಕೇಳಿದ್ದಕ್ಕೆ ಇರುವೆ ಬರುತ್ತವೆ ಎಂದೆ.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಅಡುಗೆಮನೆಯ ಮಣೆಯ ಮೇಲೆ ಕೂತು ಬಸಳೆ ಸೋಸುತ್ತಿದ್ದರು. ಬಾಗಿಲಲ್ಲಿ ಮೀನಿನವಳ ಕೂಗು ಕೇಳಿ, ಬಂಗುಡೆ ಇದೆಯೋ ನೋಡುತ್ತೇನೆಂದು ಎದ್ದು ಹೊರಗೆ ಬಂದರು. ನಾನು ಹಾಲ್‌ನಲ್ಲಿ ಬಟ್ಟೆ ಮಡಚುತ್ತಿದ್ದೆ. ಒಳಗೆ ಏನೋ ಭಾರವಾದದ್ದು ಬಿದ್ದ ಸದ್ದಾಯಿತು. ಪಾತ್ರೆ ಬಿದ್ದ ಸದ್ದಲ್ಲ, ಅದಕ್ಕೆ ಮೊಳಗು ಇರಲಿಲ್ಲ. ಬಾಗಿಲಿನಿಂದ ಬಿಳಿ ಧೂಳು ನಿಧಾನವಾಗಿ ಹೊರಗೆ ಬಂತು. ನನ್ನ ಬಾಯಿಂದ ಮಗಳ ಹೆಸರು ಹೊರಟಿತು, ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಧೂಳು ಇಳಿದ ಮೇಲೆ ನೋಡಿದರೆ ಮಣೆ ಎರಡು ತುಂಡಾಗಿತ್ತು. ಅದರ ಮೇಲೆ ನಾನು ಎತ್ತಲಾರದಷ್ಟು ದೊಡ್ಡ ಕಾಂಕ್ರೀಟಿನ ತುಂಡು. ಬಸಳೆಯ ಎಲೆಗಳು ಅದರ ಸುತ್ತ ಚೆಲ್ಲಿದ್ದವು. ಮೇಲೆ ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಕಾಣುತ್ತಿದ್ದವು, ಅವುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಅತ್ತೆ ನನ್ನ ಹಿಂದೆ ಬಂದು ನಿಂತರು. “ನಾನು ಈಗ ಅಲ್ಲಿಯೇ ಕೂತದ್ದಲ್ಲವಾ?” ಎಂದರು, ಯಾರೋ ಬೇರೆಯವರ ವಿಷಯ ವಿಚಾರಿಸುವವರಂತೆ. ಆಮೇಲೆ ನಾನು ಅವರನ್ನು ಹಿಡಿದು ಹಾಲ್‌ಗೆ ಕರೆತಂದು ಕೂರಿಸಿದೆ.

ಸದ್ದು ಕೇಳಿ ಮಾಮಾ ಬರಿಗಾಲಿನಲ್ಲಿ ಇಳಿದು ಬಂದರು. ಬಾಗಿಲಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದರು. ನಮಗೆ ಅದು ಛಾವಣಿ, ಅವರಿಗೆ ಅದು ತಾವು ದಿನಾ ನಿಂತು ಸ್ನಾನ ಮಾಡುವ ನೆಲ. ಮತ್ತೆ ಮೇಲೆ ಹತ್ತಲು ಅವರಿಗೆ ಧೈರ್ಯ ಬರಲಿಲ್ಲ. ನಮ್ಮ ಹಾಲ್‌ನಲ್ಲೇ ಗೋಡೆಗೆ ಒರಗಿ ಕೂತರು. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಇದ್ದರು.

ಗಂಡನಿಗೆ ಫೋನು ಮಾಡಿದೆ. ಅವರು ಹೊರಟಿದ್ದೇನೆ ಎಂದರು. ಯಾರಿಗಾದರೂ ಪೆಟ್ಟಾಯಿತೇ ಎಂದು ಮತ್ತೆ ಮತ್ತೆ ಕೇಳಿದರು. ನಾನು ಫೋನಿನಲ್ಲಿ ವಾರ್ಡ್ ಆಫೀಸಿಗೆ ಈಮೇಲ್ ತೆರೆದೆ. ‘ಅರ್ಜೆಂಟ್ ಆ್ಯಂಡ್ ಇಮ್ಮೀಡಿಯೆಟ್’ ಎಂದು ಬರೆದೆ. ಬೆರಳು ಅಲ್ಲಿಗೇ ನಿಂತಿತು. ಇದನ್ನು ಕಳಿಸಿದರೆ ಈ ಮನೆ ಹೋಯಿತು. ಕಳಿಸದಿದ್ದರೆ ಏನು ಹೋದೀತು ಎಂಬುದಕ್ಕೆ ಸಾಕ್ಷಿ ಅಡುಗೆಮನೆಯಲ್ಲಿ ಬಿದ್ದಿತ್ತು.

“ಮಾಮಾ, ಬರೆದರೆ ಅವರು ಬರುತ್ತಾರೆ” ಎಂದೆ.

“ಬರಲಿ. ನನ್ನ ಬಚ್ಚಲಿಗೆ ಹೋಗೋಕೆ ನನಗೇ ಭಯ ಆಗ್ತಿದೆ.” ಲೋಟ ಕೆಳಗಿಟ್ಟು, “ಅವನು ಬರೆಯೋ ಎರಡು ಪದಾನೂ ನೀನೇ ಬರೆದುಬಿಡಮ್ಮ” ಎಂದರು.

ಬಿಲ್ಡಿಂಗ್ ‘ಡೇಂಜರಸ್ ಆ್ಯಂಡ್ ಅನ್‌ಸೇಫ್’ ಆಗಿದೆ ಎಂದು ನಾನೇ ಬರೆದೆ. ಬಿದ್ದ ತುಂಡಿನ ಫೋಟೊ ಸೇರಿಸಿ ಕಳಿಸಿದೆ.

ಮರುದಿನವೇ ಇಂಜಿನಿಯರ್ ಬಂದರು. ಸುತ್ತಿಗೆ ಹಿಡಿದು ಗೋಡೆ, ಕಂಬಗಳನ್ನು ತಟ್ಟುತ್ತಾ ಹೋದರು. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಟೊಳ್ಳು. ಟೊಳ್ಳು ಕೇಳಿದಾಗಲೆಲ್ಲ ಅವರ ಹಿಂದೆ ನಡೆಯುತ್ತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ಆಧಾರಕ್ಕೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿದರು. ಆಮೇಲೆ ಗೇಟಿನಲ್ಲಿ ಮರಾಠಿಯ ಬೋರ್ಡ್ ಬಂತು. ಅದರಲ್ಲಿ ಜೋಡಿ ಪದ ಇರಲಿಲ್ಲ, ‘ಧೋಕಾದಾಯಕ’ ಎಂಬ ಒಂದೇ ಪದವಿತ್ತು. ಮಗಳು ಅದನ್ನು ಜೋರಾಗಿ ಓದಿ ಅರ್ಥ ಕೇಳಿದಳು. ಈ ಸಲ ಇರುವೆಯ ಕಥೆ ಹೇಳಲಾಗಲಿಲ್ಲ, ಅಪಾಯಕಾರಿ ಎಂದೆ.

ಮಾಮಾ ಅವರನ್ನು ಪುಣೆಯಲ್ಲಿದ್ದ ಅವರ ಮಗಳು ಬಂದು ಕರೆದುಕೊಂಡು ಹೋದಳು. ಹೊರಡುವ ದಿನ ಅವರು ನಮ್ಮ ಮನೆಯ ಒಳಗೆ ಬರಲಿಲ್ಲ. ಮೆಟ್ಟಿಲ ಹತ್ತಿರವೇ ನಿಂತು, ಅತ್ತೆಗೆ ಕೈ ಮುಗಿದು, ನಿಮಗೆ ಏನೂ ಆಗಲಿಲ್ಲವಲ್ಲ, ಅಷ್ಟೇ ಸಾಕು ಎಂದರು. ಅತ್ತೆ, “ಹೋಗಿ ಬನ್ನಿ, ನಾವೆಲ್ಲ ವಾಪಸ್ ಇಲ್ಲಿಗೇ ಬರುವುದಲ್ಲವಾ” ಎಂದರು. ಇಬ್ಬರಿಗೂ ಅದರಲ್ಲಿ ನಂಬಿಕೆ ಇದ್ದಂತೆ ಕಾಣಲಿಲ್ಲ.

ನಾವು ಮಲಾಡ್‌ಗೆ ಬಂದೆವು, ಗಂಡನ ಹೋಟೆಲಿನ ಹತ್ತಿರ ಚಿಕ್ಕ ಬಾಡಿಗೆ ಮನೆಗೆ. ಹಳೆಯ ಬಿಲ್ಡಿಂಗ್ ಹಸಿರು ಬಲೆ ಹೊದ್ದು ಇನ್ನೂ ಹಾಗೆಯೇ ನಿಂತಿದೆ. ಹೊಸದನ್ನು ಕಟ್ಟುವ ಸುದ್ದಿ ಇಲ್ಲ. ಚೆಂಬೂರಿಗೆ ಹೋಗಿ ಬಂದಾಗಲೆಲ್ಲ ಗಂಡ, “ಬೀಳಲಿಲ್ಲ ನೋಡು” ಎನ್ನುತ್ತಾರೆ. ಅದು ನನ್ನ ಮೇಲಿನ ದೂರೋ ಸುಮ್ಮನೆ ಹೇಳುವ ಮಾತೋ ನನಗೆ ತಿಳಿಯುವುದಿಲ್ಲ, ಕೇಳಲೂ ಹೆದರಿಕೆ.

ಹೊಸ ಮನೆಯ ಛಾವಣಿಗೆ ಬಿಳಿ ಬಣ್ಣ ಹೊಡೆದಿದ್ದಾರೆ, ಒಂದು ಗೆರೆಯೂ ಇಲ್ಲ. ಆದರೂ ಅತ್ತೆ ಅಡುಗೆಮನೆಯ ಒಳಗೆ ಕೂರುವುದಿಲ್ಲ. ಹೊಸ್ತಿಲ ಮೇಲೆ ಕೂರಬಾರದೆಂದು ಮದುವೆಯಾಗಿ ಬಂದಾಗಿನಿಂದ ನನ್ನನ್ನು ಗದರಿಸುತ್ತಿದ್ದವರು ಈಗ ತಾವೇ ಅಲ್ಲಿ ಕೂತು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ತರಕಾರಿ ಹೆಚ್ಚುತ್ತಾರೆ. ನಾನು ದಾಟುವಾಗ ಕಾಲು ಸ್ವಲ್ಪ ಸರಿಸುತ್ತಾರೆ.