ಸೀಟ್ ಕವರಿನೊಳಗಿದ್ದ ಬೆಲ್ಟ್

“ಇದರೊಳಗೆ ಕೂತವರು ಬದುಕಬಹುದಿತ್ತಾ, ಸಾಬ್ರೇ?”

ಬಣಕಲ್‌ನ ನನ್ನ ಗ್ಯಾರೇಜಿಗೆ ಬಂದ ಹೆಂಗಸು ಹಾಗೆ ಕೇಳಿದಾಗ, ಚಾರ್ಮಾಡಿ ಘಾಟಿಯಲ್ಲಿ ಮರಕ್ಕೆ ಗುದ್ದಿದ್ದ ವಿದೇಶಿ ಕಾರಿನ ಸೀಟು ಬಿಚ್ಚುತ್ತಿದ್ದೆ. ಎಂಬತ್ತರ ದಶಕದ ಆರಂಭ. ಅಂಥ ಕಾರು ನಮ್ಮ ಕಡೆ ಅಪರೂಪ. ಅದನ್ನು ಓಡಿಸುತ್ತಿದ್ದ ಎಸ್ಟೇಟ್ ಮಾಲೀಕರು ತೀರಿಕೊಂಡು ಹದಿನೈದು ದಿನವಾಗಿತ್ತು. ಅವರ ಮನೆಯವರನ್ನು ನಾನು ನೋಡಿದವನಲ್ಲ. ಕಾರಿನಲ್ಲಿ ಉಳಿದ ಸಾಮಾನು ಒಯ್ಯಲು ಬಂದ ದೂರದ ನೆಂಟರಿರಬೇಕು ಅಂದುಕೊಂಡೆ.

ಕಾರಿನ ಬಗ್ಗೆ ಹೇಳುವುದೆಂದರೆ ನನಗೆ ಹುರುಪು. ಹೊಡೆತವನ್ನೆಲ್ಲ ನುಂಗಿ ಬಾನೆಟ್ ಮುದುಡಿದ್ದರೂ ಕೂರುವ ಜಾಗ ಹೇಗೆ ಗಟ್ಟಿಯಾಗಿ ಉಳಿದಿದೆ ಎಂದು ತೋರಿಸಿದೆ. ಸೀಟ್ ಕವರಿನ ಹೊಲಿಗೆ ಬಿಚ್ಚಿ ಒಳಗಿದ್ದ ಬೆಲ್ಟನ್ನು ಜೋರಾಗಿ ಜಗ್ಗಿದೆ. ಅದು ಗಕ್ಕನೆ ಹಿಡಿದು ನಿಂತಿತು.

“ನೋಡಿ ಅಮ್ಮಾ, ಹೊಸದರ ಹಾಗೇ ಉಂಟು. ಯಾರೋ ತಿಳೀದವ್ರು ಕವರಿನೊಳಗೆ ಹಾಕಿ ಹೊಲಿಸಿಬಿಟ್ಟಿದ್ದಾರೆ. ಇದನ್ನ ಕಟ್ಕೊಂಡಿದ್ರೆ ಅವ್ರು ನಡ್ಕೊಂಡೇ ಮನೆಗೆ ಹೋಗ್ತಿದ್ರು.”

ಆಕೆ ಬೆಲ್ಟನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ಸವರಿದರು.

“ಹೊಲಿಸಿದ್ದು ನಾನೇ. ನಮ್ಮನೆಯವ್ರ ಬಿಳಿ ಶರಟು ಸುಕ್ಕಾಗ್ತದೆ ಅಂತ.”

ಅವರು ನನಗೆ ಕೈಮುಗಿದು, ಕಾರಿನಿಂದ ಏನನ್ನೂ ತೆಗೆದುಕೊಳ್ಳದೆ, ಬಂದಿದ್ದ ಜೀಪನ್ನೇ ಹತ್ತಿ ಹೋದರು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಹೊಡೆತಕ್ಕೆ ಯಾವ ಬೆಲ್ಟೂ ತಡೆಯುತ್ತಿರಲಿಲ್ಲ ಎಂಬ ಒಂದೇ ಒಂದು ಸುಳ್ಳು ಅಂದು ನನ್ನ ಬಾಯಿಗೆ ಬರಬೇಕಿತ್ತು. ಆಮೇಲೆ ಆ ತಾಯಿ ಎಷ್ಟು ವರ್ಷ ಬದುಕಿದರೋ, ಅಷ್ಟೂ ವರ್ಷ ನನ್ನ ಮಾತಿನ ಜೊತೆಗೇ ಬದುಕಿರಬೇಕು.